ಕತ್ತರಿ ಸಾಲಿ: ಒಂದು ಹನಿ ಎಣ್ಣೆ

"ಕೈ ತೋರಸ ಬೇ," ಎಂದೆ.

ಫಕ್ಕೀರವ್ವ ನಕ್ಕಳು. "ಯಾಕ್ರಿ ಬಾಯಾರ, ಭವಿಷ್ಯ ಹೇಳತೀರೇನು? ಈ ವಯಸ್ಸಿನ್ಯಾಗ ನನ್ನ ಹಣೇಬಾರದಾಗ ಇನ್ನೇನ್ ಉಳದೈತಿ?" ಎನ್ನುತ್ತಲೇ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.

ಬ್ಯಾಡಗಿ ಪೇಟೆಯ ಒಂದು ಗೋದಾಮು, ಬೆಳಿಗ್ಗೆ ಎಂಟು ಗಂಟೆ. ಸೊಂಟದೆತ್ತರ ಕೆಂಪು ಮೆಣಸಿನಕಾಯಿಯ ರಾಶಿ, ಅದರ ಸುತ್ತ ಚೀಲ ಹಾಸಿ ಕುಳಿತ ಮೂವತ್ತು ಹೆಂಗಸರು. ಬಂದ ಅರ್ಧ ಗಂಟೆಯಲ್ಲಿ ನಾನು ಹದಿನಾಲ್ಕು ಸಲ ಸೀನಿದ್ದೆ. ಅವರಲ್ಲಿ ಒಬ್ಬಳೂ ಸೀನಲಿಲ್ಲ, ನಾನು ಸೀನಿದಾಗಲೆಲ್ಲ ಸಾಲಿಗೆ ಸಾಲೇ ನಗುತ್ತಿತ್ತು.

ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ದುಡಿದು ನಿವೃತ್ತಳಾಗಿ ಮನೆಗೆ ಬಂದವಳು ನಾನು. ಮುಖ ನೋಡಿ ಮನುಷ್ಯರನ್ನು ಅಳೆಯುವ ವಿದ್ಯೆ ನನಗೆ ಬರಲೇ ಇಲ್ಲ. ಮದುವೆಯಾಗುವಾಗಲೂ ಬರಲಿಲ್ಲ, ಅದಿರಲಿ. ಕೈ ನೋಡಿದರೆ ಮಾತ್ರ ಏನಾದರೂ ತಿಳಿಯುತ್ತದೆ.

ಫಕ್ಕೀರವ್ವನ ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ನುಣ್ಣಗೆ ಸವೆದಿದ್ದವು. ಗೆರೆಗಳೇ ಇಲ್ಲ.

"ರೇಷನ್ ಅಂಗಡ್ಯಾಗ ಹೆಬ್ಬಟ್ಟ ಒತ್ತಿದ್ರ ಮಷಿನ್ ಒಲ್ಲೆ ಅಂತೈತ್ರಿ," ಎಂದಳು. "ಎದುರಿಗೆ ನಾನ ನಿಂತೇನಿ, ಅದು ನೋಡಿದ್ರ ನೀ ಫಕ್ಕೀರವ್ವ ಅಲ್ಲ ಅಂತೈತಿ. ಹಂಗಾರ ನಾ ಯಾರು ಅಂತ ಅದನ್ನ ಕೇಳಬೇಕು."

"ಎಣ್ಣಿ ಹಚ್ಚಿಕೊಂಡು ಕುಂದ್ರತೀರೇನು, ಕೈ ಉರೀಬಾರದಂತ?"

ಇದೇ ನಾನು ಕೇಳಲು ಬಂದ ಪ್ರಶ್ನೆ. ಕಳೆದ ಗುರುವಾರ ರಾಣೆಬೆನ್ನೂರಿನ ಕತ್ತರಿ ಸಾಲಿಯಲ್ಲಿ ಸ್ನೇಹಾ ಎಂಬ ಇಂಜಿನಿಯರ್ ಹುಡುಗಿಯ ಉಪಕರಣ ಪರೀಕ್ಷೆಯ ನಡುವೆ ಕೈಕೊಟ್ಟಿತ್ತು, ಅದರ ತುದಿಯಿಂದ ಕಳಚಿದ ಮೆತ್ತೆಯ ಅಡಿಯಲ್ಲಿ ನನಗೆ ಎಣ್ಣೆಯ ಪೊರೆ ಸಿಕ್ಕಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹೆಂಗಸರ ಜೊತೆ ಕೂರುವವಳು, ಕೈಗೆ ಎಣ್ಣೆ ಹಚ್ಚಿಕೊಂಡಿರುತ್ತಾಳೆ, ಅದೇ ಕೈಯಲ್ಲಿ ಮೆತ್ತೆ ಅಂಟಿಸಿರುತ್ತಾಳೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಎತ್ತು ಈಯಿತು ಎಂದರೆ ಕರು ಕಟ್ಟು ಎನ್ನುವವರಿಗೆ ಎಲ್ಲಿಯೂ ಬರವಿಲ್ಲ.

ನನ್ನ ಪ್ರಶ್ನೆಗೆ ಸಾಲು ಮತ್ತೊಮ್ಮೆ ನಕ್ಕಿತು.

"ಎಣ್ಣಿ ಕೈಲೆ ತುಂಬು ಹಿಡದ್ರ ಜಾರತೈತ್ರಿ," ಎಂದಳು ಫಕ್ಕೀರವ್ವ. ತುಂಬು ಎಂದರೆ ಕಾಯಿಯ ತೊಟ್ಟು. ಒಂದು ಕಾಯಿ ಎತ್ತಿಕೊಂಡು, ಎರಡು ಬೆರಳ ನಡುವೆ ತೊಟ್ಟು ಹಿಡಿದು, ಕಾಲು ಸುತ್ತು ತಿರುವಿ ಎಳೆದಳು. ತೊಟ್ಟು ಬಂತು, ಒಂದು ಬೀಜವೂ ಉದುರಲಿಲ್ಲ, ಕಾಯಿ ನಜ್ಜಾಗಲಿಲ್ಲ. "ಕೈಯಾಗ ಎಣ್ಣಿ ಇದ್ರ ಧೂಳ ಬ್ಯಾರೆ ಮೆತ್ತತೈತಿ, ಸಾವಕಾರ ಬೈತಾನ. ನಾವು ಎಣ್ಣಿ ಹಚ್ಚೂದು ಸಂಜಿಮುಂದ, ಕೆಲಸ ಮುಗದ ಮ್ಯಾಲ. ಕುಸುಬಿ ಎಣ್ಣಿ ತಿಕ್ಕೊಂಡು ಆಮ್ಯಾಲ ಸಬಕಾರ. ಮನ್ಯಾಗ ಮೊಮ್ಮಕ್ಕಳನ್ನ ಎತಗೋಬೇಕಲ್ರಿ."

"ಸ್ನೇಹಾ ಸಂಜೀತನ ಇರತಿದ್ಲೇನು?"

"ಎಲ್ಲೀದ್ರಿ! ಹನ್ನೊಂದರ ಬಸ್ಸಿಗೆ ಓಡತಾಳ. ನಮ್ಮ ಸಂಜಿ ಎಣ್ಣಿ ಆಕಿ ಕಣ್ಣಲೆ ಕಂಡಿಲ್ಲ. ಯಾಕ, ಏನಾತ್ರಿ ನಮ್ಮ ಸ್ನೇಹವ್ವಗ?"

ಏನಿಲ್ಲ ಎಂದೆ. ಅಷ್ಟರಲ್ಲಿ ನನ್ನ ಬೆರಳ ತುದಿಗಳು ಉರಿಯತೊಡಗಿದ್ದವು, ಮಾತಿನ ನಡುವೆ ನಾನೂ ನಾಲ್ಕು ಕಾಯಿ ಮುರಿದಿದ್ದೆ. ಫಕ್ಕೀರವ್ವ ಗಂಟಿನಿಂದ ಸಣ್ಣ ಬಾಟಲಿ ತೆಗೆದು ಎರಡು ಹನಿ ಕುಸುಬಿ ಎಣ್ಣೆಯನ್ನು ನನ್ನ ಅಂಗೈಗೆ ಬಿಟ್ಟಳು.

ಅವಳ ಪಕ್ಕದ ಚೀಲ ಖಾಲಿ ಇತ್ತು. ಯಾರದು ಎಂದು ಕೇಳಿದೆ.

"ಉಚ್ಚಂಗೆವ್ವಂದ್ರಿ. ಸ್ನೇಹವ್ವಗ ತುಂಬು ತಿರುವೂದು ಕಲಿಸಿದಾಕಿ ಆಕೀನ, ನಾ ಬರೇ ಬಾಯಿ ಹಾಕಾಕಿ. ಪಿತ್ತದ ಚೀಲದಾಗ ಕಲ್ಲ ಆಗ್ಯಾವಂತ. ಇವತ್ತ ಹಾವೇರಿಯಾಗ ಆಪರೇಷನ್. ನಿಮ್ಮ ಸಿದ್ದಲಿಂಗಪ್ಪ ಡಾಕ್ಟರು ತಾವ ಕರದು ಪುಕ್ಕಟೆ ಮಾಡಾಕತ್ತಾರ. ಪುಣ್ಯಾತ್ಮರು."

ಪುಣ್ಯಾತ್ಮರೇ ಸರಿ ಎಂದುಕೊಂಡು ನಾನು ಬಸ್ ನಿಲ್ದಾಣದ ಕಡೆ ಹೆಜ್ಜೆ ಹಾಕಿದೆ.

*

ಬಸ್ಸು ಮೋಟೆಬೆನ್ನೂರಿನ ಹತ್ತಿರ ಪಂಕ್ಚರ್ ಆಯಿತು. ಕಂಡಕ್ಟರ್ ಹತ್ತು ನಿಮಿಷ ಎಂದ. ಅವನ ಹತ್ತು ನಿಮಿಷ ಎಷ್ಟು ಹೊತ್ತಿನದೆಂದು ಗೊತ್ತಿದ್ದ ಜನ ಇಳಿದು ಚಹಾ ಕುಡಿಯಲು ಹೋದರು. ನಾನು ಕಿಟಕಿಯ ಪಕ್ಕ ಕುಳಿತೇ ಇದ್ದೆ.

ಕತ್ತರಿ ಸಾಲಿ ಎಂಬುದು ಜನ ಇಟ್ಟ ಹೆಸರು. ಬೋರ್ಡಿನ ಮೇಲಿನ ಹೆಸರು ಒಂದೂವರೆ ಸಾಲು ಉದ್ದ, ಅದನ್ನು ಪೂರ್ತಿ ಓದಿದವನು ಬೋರ್ಡು ಬರೆದವನೊಬ್ಬನೇ ಇರಬೇಕು. ಶಸ್ತ್ರಚಿಕಿತ್ಸೆಗೆ ಹೊಸ ಉಪಕರಣ ಮಾಡುವ ವಿದ್ಯೆಯನ್ನು ಇಂಜಿನಿಯರುಗಳಿಗೆ ಕಲಿಸುವ ಶಾಲೆ ಅದು. ಹನ್ನೆರಡು ಜನ, ಒಂದು ವರ್ಷ. ಕಟ್ಟಿದವರು ಡಾಕ್ಟರ್ ಸಿದ್ದಲಿಂಗಪ್ಪ. ಹಾವೇರಿಯಲ್ಲಿ ಅವರದೇ ಆಸ್ಪತ್ರೆ ಇದೆ. ನಮ್ಮ ಜನರ ಹೊಟ್ಟೆಗೆ ಬೇಕಾದ ಕತ್ತರಿಯನ್ನು ನಮ್ಮ ಹುಡುಗರೇ ಮಾಡಬೇಕು ಎಂಬುದು ಅವರ ಮಾತು.

ಮೊದಲ ತಿಂಗಳು ಹುಡುಗರು ಆಪರೇಷನ್ ಕೋಣೆಯಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ನೋಡಬೇಕು, ಎಲ್ಲಿ ಯಾರ ಕೈ ತಡವರಿಸಿತು ಎಂದು ಬರೆದುಕೊಳ್ಳಬೇಕು, ಅಷ್ಟೆ. ಎರಡನೆಯದಕ್ಕೆ ಅವರು ಕೈ ತಿಂಗಳು ಎನ್ನುತ್ತಾರೆ. ಆ ತಿಂಗಳು ಒಬ್ಬ ಮಟನ್ ಅಂಗಡಿಗೆ, ಒಬ್ಬಳು ಟೇಲರ್ ಹತ್ತಿರ, ಇನ್ನೊಬ್ಬ ಬಳೆಗಾರನ ಹಿಂದೆ. ಯಂತ್ರ ಮಾಡುವ ಮೊದಲು ಕೈಯನ್ನು ಕಲಿಯಬೇಕಂತೆ. ಸ್ನೇಹಾ ಬ್ಯಾಡಗಿಗೆ ಹೋದಳು. ತಿಂಗಳು ಮುಗಿದರೂ ವಾರಕ್ಕೆರಡು ದಿನ ಹೋಗುವುದನ್ನು ಬಿಡಲಿಲ್ಲ.

ಅಲ್ಲಿ ಕಂಡ ಆ ಕಾಲು ಸುತ್ತಿನ ತಿರುವನ್ನು ಅವಳು ಉಕ್ಕಿಗೆ ಇಳಿಸಿದಳು. ಪೆನ್ಸಿಲಿಗಿಂತ ತೆಳ್ಳಗಿನ ಉದ್ದ ಸಲಾಕೆ. ಹೊಟ್ಟೆಗೆ ಸಣ್ಣ ತೂತು ಮಾಡಿ ಅದರಲ್ಲಿ ಇಳಿಸುವುದು. ತುದಿಯಲ್ಲಿ ಗುಬ್ಬಿಯ ಕೊಕ್ಕಿನಂಥ ಎರಡು ದವಡೆ, ಒಂದೊಂದಕ್ಕೂ ಅಕ್ಕಿ ಕಾಳಿನಷ್ಟು ಸಿಲಿಕಾನ್ ಮೆತ್ತೆ. ಕರುಳನ್ನು ಹಿಡಿಯುತ್ತದೆ, ಆದರೆ ನಜ್ಜು ಮಾಡುವುದಿಲ್ಲ. ಹುಡುಗರೆಲ್ಲ ಅದನ್ನು ಕಡ್ಡಿ ಎಂದೇ ಕರೆಯುತ್ತಾರೆ.

ಇನ್ನೂರು ಸಲ ಮೇಕೆಯ ಕರುಳಿನ ಮೇಲೆ ಬಳಸಿ ನೋಡಿದ್ದಳು, ಒಮ್ಮೆಯೂ ಕೆಡಲಿಲ್ಲ. ಸಮಿತಿಯ ಮೂವರು ಹಿರಿಯರು ಎದುರು ಕುಳಿತ ದಿನ, ಕಡ್ಡಿಯನ್ನು ಸ್ವತಃ ಡಾಕ್ಟರು ಹಿಡಿದಿದ್ದಾಗ, ಹನ್ನೊಂದನೆಯ ಹಿಡಿತಕ್ಕೆ ಒಂದು ಮೆತ್ತೆ ಕಳಚಿ ಒಳಗೇ ಉಳಿಯಿತು. ಹುಡುಕಲು ನಲವತ್ತು ನಿಮಿಷ ಹಿಡಿಯಿತು. ಮೇಕೆಯ ಕರುಳಾದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಮನುಷ್ಯರದಾಗಿದ್ದರೆ? ಸಿಲಿಕಾನ್ ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲವಂತೆ.

ಈಗ ಅವಳ ಮುಂದೆ ಒಂದು ಕಾಗದವಿತ್ತು. 'ನನ್ನ ಕೈಯ ಅಜಾಗ್ರತೆಯಿಂದ ಆದದ್ದು, ಉಪಕರಣದ ದೋಷವಲ್ಲ' ಎಂದು ಬರೆದ ಕಾಗದ. ಇಂದು ಬೆಳಿಗ್ಗೆ ಹತ್ತರೊಳಗೆ ಸಹಿ ಮಾಡಿದರೆ ಅವಳೊಬ್ಬಳು ಶಾಲೆ ಬಿಡುತ್ತಾಳೆ, ಕಡ್ಡಿ ಉಳಿಯುತ್ತದೆ, ಉಳಿದ ಹನ್ನೊಂದು ಜನರ ವರ್ಷವೂ ಉಳಿಯುತ್ತದೆ. ಮಾಡದಿದ್ದರೆ ಸಮಿತಿ ಈ ವರ್ಷದ ತರಗತಿಯನ್ನೇ ಮುಚ್ಚುತ್ತದೆ.

ನನ್ನನ್ನು ಕರೆಸಿದವರು ಡಾಕ್ಟರೇ. "ಖರೇ ಏನೈತೋ ಅದನ್ನ ಹುಡುಕಿ ಕೊಡ್ರಿ ಬಾಯಾರ. ಆದ್ರ ಗುರುವಾರ ಹತ್ತರ ಒಳಗ," ಎಂದಿದ್ದರು. ಯಾವ ತನಿಖೆಗೂ ಗಡಿಯಾರ ನೋಡಿ ಕೆಲಸ ಮಾಡಿದವಳಲ್ಲ ನಾನು. ಆದರೂ ಹುಡುಗಿಯ ಮುಖ ನೋಡಿ ಒಪ್ಪಿಕೊಂಡಿದ್ದೆ.

ಸ್ನೇಹಾಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ತರಗತಿಯ ಹೊತ್ತಿನಲ್ಲಿ ಫೋನುಗಳನ್ನೆಲ್ಲ ಬಾಗಿಲ ಹೊರಗಿನ ಪೆಟ್ಟಿಗೆಯಲ್ಲಿ ಹಾಕಬೇಕು, ಅದು ಶಾಲೆಯ ನಿಯಮ.

ಚಕ್ರ ಬದಲಾಯಿಸಿ ಬಸ್ಸು ಹೆದ್ದಾರಿಗೆ ಬಂದಾಗ ತಂಗಾಳಿಗೆ ನನ್ನ ಮೂಗು ಬಿಟ್ಟಿತು. ಅಂಗೈಯ ಕುಸುಬಿ ಎಣ್ಣೆಯ ವಾಸನೆ ಆಗಷ್ಟೇ ತಿಳಿಯಿತು, ಅಡುಗೆಮನೆಯ ವಾಸನೆ.

ಆಗ ನನಗೆ ನನ್ನ ಮೇಲೇ ನಗು ಬಂತು. ಮೆತ್ತೆಯನ್ನು ಮೂರು ದಿನದಿಂದ ಒಂದು ಡಬ್ಬಿಯಲ್ಲಿ ಹಾಕಿಕೊಂಡು ತಿರುಗುತ್ತಿದ್ದೆ. ಪುಡಿ ಹಾಕಿ ನೋಡಿದ್ದೆ, ಕನ್ನಡಕ ಹಾಕಿ ನೋಡಿದ್ದೆ, ಮೂಸಿ ನೋಡಿರಲಿಲ್ಲ. ಕಣ್ಣಿಂದ ಅನ್ನ ತಿಂದವಳಿಗೆ ಮೂಗು ಇದ್ದೂ ಇಲ್ಲದ ಹಾಗೆ.

ಡಬ್ಬಿ ತೆಗೆದು ಮೂಗಿಗೆ ಹಿಡಿದೆ. ಕುಸುಬಿಯಲ್ಲ, ಕೊಬ್ಬರಿಯಲ್ಲ, ಶೇಂಗಾ ಅಲ್ಲ. ತಿನ್ನುವ ಎಣ್ಣೆಯೇ ಅಲ್ಲ. ನಮ್ಮವ್ವನ ಹೊಲಿಗೆ ಮಷಿನ್ ನೆನಪಾಯಿತು, ಅದೇ ವಾಸನೆ.

*

ಕತ್ತರಿ ಸಾಲಿ ಮುಟ್ಟಿದಾಗ ಹತ್ತೂ ಮುಕ್ಕಾಲು. ಸ್ನೇಹಾ ಪಡಸಾಲೆಯ ಬೆಂಚಿನ ಮೇಲೆ ಕುಳಿತಿದ್ದಳು. ಬ್ಯಾಗು ಕಟ್ಟಿಕೊಂಡಾಗಿತ್ತು.

"ಸಹಿ ಮಾಡಿದಿಯೇನು?"

"ಹತ್ತಕ್ಕ ಹತ್ತು ನಿಮಿಷ ಇದ್ದಾಗ ಮಾಡಿದೆ ಬಾಯಾರ. ಡಾಕ್ಟರ್ ಸಾಹೇಬ್ರು ಹಾವೇರಿಯಾಗ ಅದಾರ, ಫೋಟೋ ಹೊಡದು ಕಳಿಸಿ ಫೋನ್ ಮತ್ತ ಪೆಟಗ್ಯಾಗ ಹಾಕಿದೆ. 'ಧೈರ್ಯದ ಹುಡುಗಿ' ಅಂತ ಕೂಡಲೇ ಬರದ್ರು."

ಸಿಟ್ಟು ನೆತ್ತಿಗೇರಿತು. "ಹುಚ್ಚಿ, ನಿನ್ನ ಕೈಯಾಗ ಎಣ್ಣೀನ ಇರಲಿಲ್ಲ! ಇಲ್ಲದ ತಪ್ಪನ್ನ ಒಪ್ಪಿಕೊಂಡು ಸಹಿ ಮಾಡೋ ಅಷ್ಟು ದೊಡ್ಡ ಮನಸ್ಸು ಯಾರು ಕೊಟ್ರು ನಿನಗ?"

ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಒಂದು ವಾರದಿಂದ ಆ ಕೈಗಳನ್ನು ಬೈದುಕೊಂಡು ಮಲಗಿದವಳು. ಕಣ್ಣು ತುಂಬಿ ಬಂತು, ಆದರೆ ಅಳಲಿಲ್ಲ.

ಒಳಗೆ ಯಂತ್ರದ ಕೋಣೆಯಲ್ಲಿ ಪುಂಡಲೀಕ ಕೆಲಸ ಮಾಡುತ್ತಿದ್ದ. ಸ್ನೇಹಾಳ ಜೊತೆಗಾರ. ಸಿಲಿಕಾನ್ ಮೆತ್ತೆಯ ಅಚ್ಚು ಮಾಡಿದವನು ಅವನೇ. ಅವನದೇ ಒಂದು ಉಪಕರಣ ಮೊದಲ ಸುತ್ತಿನಲ್ಲಿ ಬಿದ್ದುಹೋಗಿತ್ತು, ಹಾಗಾಗಿ ನಾನು ಮೊದಲ ದಿನದಿಂದಲೂ ಅವನ ಮೇಲೆ ಕಣ್ಣಿಟ್ಟಿದ್ದೆ. ನನ್ನ ದನಿ ಕೇಳಿ ಯಂತ್ರ ನಿಲ್ಲಿಸಿದ, ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಅವನ ಸರದಿ ಆಮೇಲೆ ಎಂದುಕೊಂಡೆ.

"ಬುಧವಾರದಿಂದ ಗುರುವಾರದ ಮಟ ಕಡ್ಡಿ ಯಾರ ಯಾರ ಕೈಗೆ ಹೋಗಿತ್ತು, ಒಂದೊಂದ ಹೇಳು," ಎಂದೆ.

"ಯಾರ ಕೈಗೂ ಇಲ್ರಿ. ಬುಧವಾರ ಮಧ್ಯಾಹ್ನ ಮೆತ್ತಿ ಅಂಟಿಸಿದಾಕಿ ನಾನು, ಗುರುವಾರ ಹಿಡದವರು ಸಾಹೇಬ್ರು."

"ನಡುವ?"

"ನಡುವ ಉಗಿ ಕೊಡಾಕ ಹೋಗಿತ್ತು. ಅಷ್ಟ."

"ಉಗಿ ಕೊಟ್ಟವರು ಯಾರು?"

"ಯಾರಂದ್ರ... ಗಿರಿಯಪ್ಪ ಕಾಕಾ."

ಗೋಡೆಯಲ್ಲಿ ಗಡಿಯಾರ ಇದೆ ಎನ್ನುವ ಹಾಗೆ ಹೇಳಿದಳು. ಹೇಳಿದ ಮೇಲೆ ತಾನೇ ತಿರುಗಿ ಹಿಂಬದಿಯ ಕೋಣೆಯತ್ತ ನೋಡಿದಳು.

*

ಗಿರಿಯಪ್ಪನ ಕೋಣೆ ಶಾಲೆಯ ಹಿಂಬದಿಯಲ್ಲಿ. ಉಪಕರಣ ತೊಳೆಯುವುದು, ಒರೆಸುವುದು, ಕ್ರಿಮಿ ಸಾಯಲೆಂದು ಉಗಿ ಯಂತ್ರದಲ್ಲಿಟ್ಟು ಬೇಯಿಸುವುದು, ಬಟ್ಟೆಯಲ್ಲಿ ಸುತ್ತಿ ಇಡುವುದು, ಇಷ್ಟು ಅವನ ಕೆಲಸ. ಐದು ವರ್ಷದ ಹಿಂದೆ ಈ ಶಾಲೆ ಆದಾಗ ಡಾಕ್ಟರು ತಮ್ಮ ಆಸ್ಪತ್ರೆಯಿಂದ ಹಳೆಯ ಕತ್ತರಿಗಳ ಜೊತೆ ಅವನನ್ನೂ ಇಲ್ಲಿಗೆ ಕಳಿಸಿದ್ದರು.

"ಬರ್ರಿ ಬಾಯಾರ, ಕುಂದ್ರಿ. ಚಪ್ಪಲಿ ಹೊರಗ ಬಿಡ್ರಿ."

ಬಿಟ್ಟೆ. ಬಿಳಿ ಬಟ್ಟೆಯ ಮೇಲೆ ಕತ್ತರಿ, ಚಿಮಟಗಳನ್ನು ಸಾಲಾಗಿ ಮಲಗಿಸಿದ್ದ. ಒಂದು ಹಳೆಯ ಕತ್ತರಿ ಎತ್ತಿ ಬಾಯಿ ತೆರೆದೆ, ಮುಚ್ಚಿದೆ. ಕಿರ್ ಎನ್ನಲಿಲ್ಲ. ಬೆಣ್ಣೆಯಲ್ಲಿ ಬೆರಳು ಆಡಿಸಿದಂತಿತ್ತು.

"ಎಷ್ಟು ವರ್ಷದ್ದು ಇದು?"

"ನಾ ನೌಕರಿಗೆ ಸೇರಿದ ವರ್ಷದ್ದರಿ. ಮೂವತ್ತೆರಡು ಆತು." ಅವನ ಮುಖ ಅರಳಿತು. ಆ ಕೋಣೆಗೆ ಬಂದು ಕತ್ತರಿಯ ವಯಸ್ಸು ಕೇಳಿದವರು ಯಾರೂ ಇರಲಿಲ್ಲವೋ ಏನೋ.

"ಒಂದಕ್ಕೂ ತುಕ್ಕಿಲ್ಲ. ಏನ್ ಹಾಕತೀರಿ?"

"ಅವರು ಒಂದು ಬಿಳಿ ನೀರು ಕೊಡತಾರ್ರಿ, ಹಾಲಿನಂಗ ಇರತೈತಿ. ಅದರಾಗ ಅದ್ದಬೇಕಂತ. ಅದು ತೊಳದು ಹೋಗತೈತಿ, ಕೀಲಿಗೆ ಏನ್ ಹತ್ತತೈತಿ?" ಎಂದು ದನಿ ತಗ್ಗಿಸಿ, ಅಂಗಿಯ ಕಿಸೆಯಿಂದ ಸೂಜಿಮೂತಿಯ ಸಣ್ಣ ಬಾಟಲಿ ತೆಗೆದ. "ಇದ ನಮ್ಮದು. ಒಂದ ಹನಿ ಸಾಕು."

ನಾನು ಡಬ್ಬಿ ತೆಗೆದು ಅವನ ಮುಂದಿಟ್ಟೆ. "ಇದರ ವಾಸನಿ ನೋಡ್ರಿ."

ಮೂಸಿದ. ಇನ್ನೊಮ್ಮೆ ಮೂಸಿದ. ಆಮೇಲೆ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿ ಇ‌ಟ್ಟುಕೊಂಡ.

"ನಮ್ಮ ಎಣ್ಣಿ," ಎಂದ.

"ಯಾವಾಗ ಬಿಟ್ರಿ?"

"ಪರೀಕ್ಷಾ ಹಿಂದಿನ ಸಂಜಿಮುಂದ. ಆ ಹುಡುಗಿ ಕೈ ನೋಡಿದ್ದೆ ಬಾಯಾರ. ಹೆಬ್ಬಟ್ಟಿನ ಬುಡದಾಗ ಬಾತಿತ್ತು. ದಿನಾ ಅದನ್ನ ಹಿಚುಕಿ ಹಿಚುಕಿ. ಕೀಲು ಬಿಗಿ ಇತ್ತು, ಹೊಸಾದು ಅಲ್ಲೇನ್ರಿ. ನಾಳಿ ದೊಡ್ಡವರ ಮುಂದ ಆಕಿ ಕಡ್ಡಿ ಬಿಗಿ ಹಿಡೀಬಾರದಂತ ಒಂದ ಹನಿ ಬಿಟ್ಟೆ."

"ಬಿಡಬಾರದು ಅಂತ ನಿಯಮ ಇಲ್ಲೇನು?"

"ಐತ್ರಿ." ತಲೆ ತಗ್ಗಿಸಿದ. "ಆದ್ರ ಎಣ್ಣಿ ಯಾರಿಗೆ ಕೆಟ್ಟದ್ದು ಮಾಡೇತ್ರಿ? ಬಾಗಲಾ ಕಿರ್ ಅಂದ್ರ ಬಿಡತೀವಿ. ಕೂಸಿನ ನೆತ್ತಿಗೆ ಹಚ್ಚತೀವಿ. ದೇವರ ಮುಂದ ಉರಸತೀವಿ."

"ಒಂದು ವಾರ ಸುಮ್ಮನ ಕುಂತ್ರಿ. ಆ ಹುಡುಗಿ ಬ್ಯಾಗ್ ಕಟ್ಟಾಕತ್ತಾಳ."

"ನನಗ ಗೊತ್ತಾಗಲಿಲ್ರಿ, ನನ್ನ ಮಕ್ಕಳ ಆಣಿ! ಮೆತ್ತಿ ಬಿತ್ತು ಅಂದ್ರು. ಅಂಟು ಸರಿ ಇಲ್ಲ ಅಂದ್ಕೊಂಡೆ. ಎಣ್ಣಿಗೂ ಅದಕ್ಕೂ ಏನ್ ಸಂಬಂಧ?"

ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಮೂವತ್ತೊಂದು ವರ್ಷದಲ್ಲಿ ಎಂಥೆಂಥ ಕೈಗಳನ್ನು ನೋಡಿದ್ದೇನೆ. ಬೇರೆಯವರ ಕೈನೋವು ನೋಡಲಾರದೆ ತಪ್ಪು ಮಾಡಿದ ಕೈ ಇದೇ ಮೊದಲು. ನನಗೆ ಅಳು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು.

ಬಾಗಿಲಲ್ಲಿ ಸ್ನೇಹಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ.

"ಸಿಲಿಕಾನ್ ಎಣ್ಣಿ ಕುಡೀತೈತಿ ಕಾಕಾ," ಎಂದಳು. "ಮಷಿನ್ ಎಣ್ಣಿ ಬಿದ್ರ ಉಬ್ಬತೈತಿ. ಉಗಿಯಾಗ ಇಟ್ರ ಎಣ್ಣಿ ನೀರಾಗಿ ಮೆತ್ತಿ ಕೆಳಗ ಹರದು ಅಂಟು ಬಿಡಸತೈತಿ. ಆಮ್ಯಾಲ ಎಷ್ಟ ಹಿಡತಕ್ಕ ಕಳಚತೈತೋ ಹೇಳಾಕ ಆಗೂದಿಲ್ಲ." ಒಳಗೆ ಬಂದು ಅವನ ಪಕ್ಕ ನೆಲದ ಮೇಲೇ ಕುಳಿತಳು. "ತಪ್ಪು ನಂದ. ಬ್ಯಾಡಗಿಗೆ ಹೋಗಿ ಕೇಳಿದೆ, ಡಾಕ್ಟರ್‌ನ ಕೇಳಿದೆ, ಸಿಸ್ಟರ್‌ಗೋಳನ್ನ ಕೇಳಿದೆ. ಇಪ್ಪತ್ತು ಹೆಜ್ಜಿ ದೂರದಾಗ ದಿನಾ ನನ್ನ ಕಡ್ಡಿ ತೊಳಿಯೋ ಕೈಯನ್ನ ಕೇಳಲಿಲ್ಲ."

ಗಿರಿಯಪ್ಪ ಅವಳ ತಲೆಯ ಮೇಲೆ ಕೈಯಿಟ್ಟ.

ಆಯಿತು, ಮುಗಿಯಿತು ಎಂದುಕೊಂಡೆ. ಕಳ್ಳನೂ ಇಲ್ಲ, ದ್ರೋಹಿಯೂ ಇಲ್ಲ. ಸ್ನೇಹಾಳ ಜಾಗ ಉಳಿಯುತ್ತದೆ, ಕಡ್ಡಿಯನ್ನು ಸರಿಮಾಡಲು ಮೂರು ತಿಂಗಳು ಬೇಕಾದರೆ ಸಮಿತಿ ಕೊಡುತ್ತದೆ, ನಾನು ಊಟದ ಹೊತ್ತಿಗೆ ಮನೆಗೆ ಹೋಗುತ್ತೇನೆ. ಒಂದು ಹಾಳೆ, ಪೆನ್ನು ಅವನ ಮುಂದಿಟ್ಟೆ.

"ನಡದದ್ದನ್ನ ನಡದಂಗ ಬರದು ಕೊಡ್ರಿ. ಕಡ್ಡಿಗೆ ಎಣ್ಣಿ ಬಿಟ್ಟಿದ್ದು ನಾನು ಅಂತ. ಆಕಿ ಕಾಗದಾ ಹರದು ಹಾಕೂಣು."

"ಬರೀತೇನ್ರಿ, ಅದಕ್ಕೇನು." ಕನ್ನಡಕ ಒರೆಸಿ ಹಾಕಿಕೊಂಡ. ಪೆನ್ನಿನ ಮುಚ್ಚಳ ತೆಗೆದ. ಎರಡು ಅಕ್ಷರ ಬರೆದು ತಲೆ ಎತ್ತಿದ.

"ಯಾವುದಕ್ಕ ಅಂತ ಬರೀಲ್ರಿ? ಮೊದಲಿನದಕ್ಕೋ, ನಿನ್ನಿದಕ್ಕೋ?"

*

ಸ್ನೇಹಾ ಹಾಳೆಯ ಮೇಲೆ ಕೈ ಇಟ್ಟು ತಡೆದಳು.

"ನಿನ್ನಿದು ಅಂದ್ರ?" ಎಂದಳು ಸ್ನೇಹಾ. "ಇರೂದು ಒಂದ ಕಡ್ಡಿ ಕಾಕಾ. ಅದು ಸಮಿತಿ ಕಪಾಟಿನ್ಯಾಗ ಐತಿ, ಮೊಹರು ಒತ್ತಿ."

"ಇನ್ನೊಂದು ಐತೆಲ್ಲವ್ವ. ನಿನ್ನಿ ಸಂಜಿಮುಂದ ಸಾಹೇಬ್ರು ತಾವ ತಂದು ಕೊಟ್ರು. ಉಗಿ ಕೊಟ್ಟು ಪ್ಯಾಕ್ ಮಾಡು, ಮುಂಜಾನಿ ಹಾವೇರಿಗೆ ಒಯ್ಯತೇನಿ ಅಂದ್ರು. ನಿನಗ ಗೊತ್ತೈತಿ ಅಂತ ತಿಳದಿದ್ದೆ." ಅವನು ಪೆನ್ನು ಕೆಳಗಿಟ್ಟ. "ಅದು ಮೊದಲಿನದಕ್ಕಿಂತ ಬಿಗಿ ಇತ್ತು. ಮೂರು ಹನಿ ಬಿಟ್ಟೇನಿ."

ಹಿಂದೆ ಯಾರೋ ಉಸಿರೆಳೆದ ಸದ್ದು. ಪುಂಡಲೀಕ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ನಾನ ಮಾಡಿಕೊಟ್ಟೆ," ಎಂದ. "ಅಚ್ಚು ನನ್ನ ಕಡೆ ಇತ್ತು. ಯಾರಿಗೂ ಹೇಳಬ್ಯಾಡ, ಸ್ನೇಹಾ ಹೆಸರಿಗೆ ಒಳ್ಳೇದಾಗತೈತಿ ಅಂದ್ರು ಸಾಹೇಬ್ರು. ಒಂದು ಖರೇ ಆಪರೇಷನ್ ಆಗಿಬಿಟ್ರ ಸಮಿತಿ ಬಾಯಿ ಮುಚ್ಚತೈತಿ ಅಂದ್ರು. ಕಡ್ಡ್ಯಾಗ ದೋಷ ಇಲ್ಲಂತ ಕಾಗದಾ ಒಂದು ಕೈಗೆ ಬರಲಿ, ಅಷ್ಟ ಅಂದ್ರು."

ತಪ್ಪು ಕೈಯದಾದರೆ ಕಡ್ಡಿಯದಲ್ಲ. ಅದಕ್ಕೇ ಗುರುವಾರ, ಅದಕ್ಕೇ ಹತ್ತು ಗಂಟೆ. ಸತ್ಯ ಹುಡುಕಿ ಕೊಡಿ ಎಂದು ನನ್ನನ್ನು ಕರೆದವರಿಗೆ ಬೇಕಾಗಿದ್ದದ್ದು ಸತ್ಯವಲ್ಲ, ಒಂದು ಸಹಿ. ಎಣ್ಣೆಯ ಪೊರೆ ಹುಡುಕಿಕೊಟ್ಟು ಆ ಸಹಿಗೆ ದಾರಿ ಮಾಡಿದವಳು ನಾನೇ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

"ಇವತ್ತ ಹಾವೇರಿಯಾಗ ಯಾರದೈತಿ ಆಪರೇಷನ್?" ಸ್ನೇಹಾ ಎದ್ದು ನಿಂತಳು.

ನನ್ನ ಕಣ್ಣ ಮುಂದೆ ಖಾಲಿ ಚೀಲ ಬಂತು, ಮೆಣಸಿನಕಾಯಿ ರಾಶಿಯ ಪಕ್ಕ. ನಾನೇ ಹೇಳಿದೆ.

"ಉಚ್ಚಂಗೆವ್ವಂದು."

ಡಾಕ್ಟರ ಫೋನು ಬಂದ್ ಆಗಿತ್ತು. ಆಪರೇಷನ್ ಕೋಣೆಯ ಗೋಡೆಯ ಫೋನಿನ ಸಂಖ್ಯೆ ಗಿರಿಯಪ್ಪನಿಗೆ ಬಾಯಿಪಾಠವಿತ್ತು, ಇಪ್ಪತ್ತೇಳು ವರ್ಷ ಅಲ್ಲೇ ದುಡಿದವನಲ್ಲವೇ. ಅವನು ಹೇಳುತ್ತ ಹೋದ, ನಾನು ಒತ್ತುತ್ತ ಹೋದೆ. ಆರನೆಯ ಸಲ ಗಂಟೆ ಬಾರಿಸಿದಾಗ ಯಾರೋ ಎತ್ತಿದರು.

"ಹಾಜಿರಾಬಿ ಸಿಸ್ಟರ್ ಮಾತಾಡಾಕತ್ತೇನ್ರಿ. ಸಾಹೇಬ್ರು ಆಪರೇಷನ್‌ನ್ಯಾಗ ಅದಾರ, ಈಗ ಸಿಗೂದಿಲ್ರಿ."

ಸ್ನೇಹಾ ನನ್ನ ಕೈಯಿಂದ ಫೋನು ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ ಮಾಡಿ ಕತ್ತರಿಗಳ ಪಕ್ಕ ಇಟ್ಟಳು. ಅವಳ ದನಿ ಆಶ್ಚರ್ಯವಾಗುವಷ್ಟು ಶಾಂತವಾಗಿತ್ತು.

"ಸಿಸ್ಟರ್, ನಾ ಕತ್ತರಿ ಸಾಲಿ ಸ್ನೇಹಾ. ಸಾಹೇಬ್ರು ಇವತ್ತ ಒಂದು ಹೊಸ ಕಡ್ಡಿ ತಂದಾರಲ್ರಿ. ಅದನ್ನ ಬಳಸ್ಯಾರೇನು?"

"ಹತ್ತೂ ಹತ್ತಕ್ಕ ಶುರು ಮಾಡಿದ್ರವ್ವ, ಬಳಸಿ ಮುಗೀತು. ಪಿತ್ತದ ಚೀಲ ಹೊರಗ ಬಂತು, ಎಣಿಕೀನೂ ಆತು. ಬಟ್ಟಿ ಸರಿ, ಸೂಜಿ ಸರಿ, ಕಡ್ಡಿ ಸರಿ."

"ಕಡ್ಡೀನ ಒಂದು ಅಂತ ಎಣಿಸೀರೇನ್ರಿ?"

"ಒಂದ ಐತಲ್ಲವ್ವ, ಒಂದ ಅಂತ ಎಣಿಸೇನಿ."

"ಅದರ ತುದಿ ನೋಡ್ರಿ ಸಿಸ್ಟರ್. ಎರಡೂ ದವಡಿಗೆ ಸಣ್ಣ ಮೆತ್ತಿ ಇರಬೇಕು, ಅಕ್ಕಿ ಕಾಳಿನಷ್ಟು. ನೋಡಿ ಹೇಳ್ರಿ."

ಫೋನು ಕೆಳಗಿಟ್ಟ ಸದ್ದು. ಹೆಜ್ಜೆ ಸದ್ದು. ತಟ್ಟೆಯ ಮೇಲೆ ಲೋಹ ತಾಗಿದ ಸದ್ದು. ಗಿರಿಯಪ್ಪ ಕಣ್ಣು ಮುಚ್ಚಿ ಕೈ ಮುಗಿದಿದ್ದ.

ಹೆಜ್ಜೆಗಳು ಮರಳಿ ಬಂದವು. ಈ ಸಲ ಹಾಜಿರಾಬಿ ಪಿಸುಗುಟ್ಟಿದಳು.

"ಎರಡು ಇರಬೇಕು ಅಂದ್ಯಾ?"

"ಹೌದ್ರಿ. ಎರಡು."

"ಒಂದ ಐತವ್ವ. ಸಾಹೇಬ್ರಿಗೆ ಹೇಳಿದೆ. ಎಣಿಕಿ ಸರಿ ಐತಿ, ನೀ ಸುಮ್ಮನಿರು ಅಂದು ಹೊಲಿಯಾಕ ದಾರ ಕೇಳಾಕತ್ತಾರ. ದಾರ ನನ್ನ ಕೈಯಾಗ ಐತಿ. ಏನ್ ಮಾಡ್ಲಿ?"